ಏಳನೆಯ ಪೆಟ್ಟಿಗೆಯ ಗೆರೆ

ಬಂದರಿನ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಜೋಡಿ ಅಕ್ಕ ಎಂದೇ ಕರೆಯುತ್ತಿದ್ದರು. ನೆಲದಡಿ ಏನಿದೆಯೆಂದು ಅಳೆಯಲು ಕಡಲ ತಳಕ್ಕೆ ಇಳಿಸುವ ಪೆಟ್ಟಿಗೆಗಳಿಗೆ ವಿದ್ಯುತ್ತಿನ ಸುಳಿವು ಹಿಡಿಯುವ ಬೆಳ್ಳಿಯ ಕಡ್ಡಿಗಳು ಬೇಕು. ಅವನ್ನು ಎರಡೆರಡಾಗಿ ಹೊಂದಿಸಿ ಕೊಡುವುದು ಅವಳ ಕೆಲಸ. ಮೂರು ದಿನ ಒಂದೇ ತೊಟ್ಟಿಯ ಉಪ್ಪುನೀರಿನಲ್ಲಿ ನೆನೆಯಿಟ್ಟು, ಆಮೇಲೆ ಮೀಟರು ಹಿಡಿದು, ಒಂದೇ ಅಂಕಿ ತೋರಿಸುವ, ಒಂದಕ್ಕೊಂದು ಜಗಳವಾಡದವನ್ನು ಆರಿಸುತ್ತಿದ್ದಳು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿ ಅವಳೂ ಅತ್ತೆಯೂ ಇಬ್ಬರೇ.

ಪೆಟ್ಟಿಗೆಗಳು ಹಿಡಿದು ತಂದ ಸುಳಿವು ಕಾಗದದ ಮೇಲೆ ಮೂಡಿಸಿದ ಗೆರೆಗಳನ್ನು ಮಹಡಿಯ ಮೇಲೆ ಕುಳಿತು ಓದುತ್ತಿದ್ದವನಿಗೆ ಗೆರೆ ಮೇಷ್ಟ್ರು ಎಂದು ಅಡ್ಡಹೆಸರು. ವಯಸ್ಸು ನಲವತ್ತೆರಡಾದರೂ ಮದುವೆಯ ಮಾತೆತ್ತಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಎರಡು ವರ್ಷದಿಂದ ಪೆನ್ಸಿಲ್ ಕೆತ್ತಲು ಬ್ಲೇಡು ಬೇಕೆಂದು ಶೆಡ್ಡಿಗೆ ಇಳಿದು ಬರುತ್ತಿದ್ದ. ಅವಳ ಒದ್ದೆ ಬೆರಳುಗಳ ಮೇಲೆ ಅವನ ಕಣ್ಣು ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿತ್ತು. ಅವಳು ತಲೆಯೆತ್ತಿದರೆ ಮೀಟರು ನೋಡುತ್ತಿದ್ದವನಂತೆ ನಟಿಸುತ್ತಿದ್ದ.

"ಇದು ಒಂಬತ್ತನೇ ಬ್ಲೇಡು," ಎಂದಳು ಒಮ್ಮೆ.

"ಪೆನ್ಸಿಲ್ ಸ್ವಲ್ಪ ಗಟ್ಟಿ," ಎಂದ ಅವನು.

ಅಂಥವನೇ ಒಂದು ಬೆಳಿಗ್ಗೆ, ಎಲ್ಲರೂ ಓದುವ ರಿಜಿಸ್ಟರಿನಲ್ಲಿ, ಏಳನೆಯ ಪೆಟ್ಟಿಗೆಯನ್ನು ನಂಬಲಾಗದು, ಅದರ ಕಡ್ಡಿಗಳು ಸರಿಯಿಲ್ಲ ಎಂದು ಬರೆದುಬಿಟ್ಟ. ಸಮೀಕ್ಷೆಯ ಹಡಗು ಉದ್ದನೆಯ ಕೇಬಲನ್ನು ಕಡಲ ತಳಕ್ಕೆ ಹತ್ತಿರದಲ್ಲಿ ಎಳೆಯುತ್ತ, ಅದರಲ್ಲಿ ವಿದ್ಯುತ್ತನ್ನು ನಿಧಾನವಾಗಿ ಹಿಂದೆ ಮುಂದೆ ಹರಿಸುತ್ತಿತ್ತು. ಉಪ್ಪುನೀರು ಅದನ್ನು ಬೇಗ ನುಂಗಿಬಿಡುತ್ತದೆ. ಏಳನೆಯದು ಎಲ್ಲಕ್ಕಿಂತ ದೂರದ ಪೆಟ್ಟಿಗೆ. ಅಲ್ಲಿಗೆ ಏನೂ ಮುಟ್ಟಬಾರದಿತ್ತು. ಆದರೆ ಅದರ ಗೆರೆ ಜೀವಂತವಾಗಿತ್ತು, ಅದು ಕಡ್ಡಿಗಳದೇ ದೋಷವೆಂದು ಅವನು ಎಣಿಸಿದ್ದ.

ಅವಳು ಯಾರೊಡನೆಯೂ ವಾದಿಸಲಿಲ್ಲ. ದೂರದ ಊರಿನ ಲ್ಯಾಬೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು, ಮರುದಿನ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಒಪ್ಪಿಕೊಳ್ಳುವೆನೆಂದು ಅತ್ತೆಗೆ ತಿಳಿಸಿದಳು. ಪ್ರಾರ್ಥನೆ ಮುಗಿಸಿ ಎದ್ದ ಅತ್ತೆ ಅವಳ ಮುಖವನ್ನೇ ನೋಡಿದರು.

"ಬಿಟ್ಟು ಹೋಗೋದು ಕಡ್ಡಿ ವಿಷಯಕ್ಕಾ, ಬರೆದವನ ವಿಷಯಕ್ಕಾ?"

ಅವಳು ಒಳಗೆ ಹೋಗಿ ಒಲೆ ಹಚ್ಚಿದಳು.

ಮರುದಿನ ಮಧ್ಯಾಹ್ನ ಅವನು ರಿಜಿಸ್ಟರನ್ನು ಹಿಡಿದುಕೊಂಡೇ ಬಂದ. ತನ್ನ ಮಾತನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ತಪ್ಪು ತನ್ನದೆಂದು ಸಹಿ ಮಾಡಿದ್ದ. ಎಲ್ಲ ಲೆಕ್ಕವನ್ನೂ ಮತ್ತೆ ಮಾಡಿ ನೋಡಿದೆನೆಂದ.

"ನೀರಲ್ಲಿ ಹೊರಟ ವಿದ್ಯುತ್ತು ದಾರೀಲೇ ಸತ್ತುಹೋಯ್ತು. ಏಳನೇ ಪೆಟ್ಟಿಗೆ ಹಿಡಿದದ್ದು ತಳದ ಕೆಳಗೆ ಇಳಿದು, ಗಟ್ಟಿ ಕಲ್ಲಿನ ಪದರ ಹಿಡಿದು ಬಂದು, ಮತ್ತೆ ಮೇಲೆದ್ದಿದೆ. ನಿಧಾನವಾಗಿ ಬದಲಾಗೋದೇ ಅಷ್ಟು ದೂರ ಉಳಿಯೋದು. ನಿಮ್ಮ ಕಡ್ಡಿಗಳು ಚೆನ್ನಾಗಿದ್ದವು, ಅದಕ್ಕೇ ಸಿಕ್ತು."

"ಸುತ್ತು ದಾರಿ ನಿಮಗೆ ಗೊತ್ತಿಲ್ಲದ್ದೇನಲ್ಲ ಬಿಡಿ," ಎಂದಳು. "ಎರಡು ವರ್ಷ ಬ್ಲೇಡು ಕೇಳಿದೋರು."

ಅವನ ಕಿವಿ ಕೆಂಪಾಯಿತು. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ತೊಟ್ಟಿಯ ಪಕ್ಕದಲ್ಲಿಟ್ಟ. ಬ್ಲೇಡುಗಳೆಲ್ಲ ಅದರಲ್ಲಿದ್ದವು, ಒಂದನ್ನೂ ಬಳಸಿರಲಿಲ್ಲ.

"ಹೋಗಬೇಡಿ," ಎಂದ. "ನನಗೆ ನೀವು ಬೇಕು."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಅವನೆದುರಿಗೇ ಆ ಲ್ಯಾಬಿಗೆ ಫೋನ್ ಮಾಡಿ, ಬರಲಾಗುವುದಿಲ್ಲವೆಂದಳು.

"ಕೆಲಸಕ್ಕೆ ಇಲ್ಲೇ ಇರ್ತೀನಿ. ಇನ್ನೊಂದು ಮಾತಿಗೆ ಅತ್ತೆ ಒಪ್ಪಬೇಕು. ಹೊಸ ಕಡ್ಡಿಗೂ ಮೂರು ದಿನ ಕೊಡ್ತೀನಲ್ಲ, ಮೂರು ಸಂಜೆ ಮನೆಗೆ ಬನ್ನಿ."

ಮೊದಲ ಸಂಜೆ ಅತ್ತೆ ಹೆಚ್ಚು ಮಾತಾಡಲಿಲ್ಲ. ಅವನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದು ಎದ್ದುಹೋದ. ಎರಡನೆಯ ಸಂಜೆ ಅತ್ತೆ ಅವನ ತಾಯಿಯ ಆರೋಗ್ಯ ವಿಚಾರಿಸಿದರು. ಮೂರನೆಯ ಸಂಜೆ ಅತ್ತೆಯ ಪ್ರಾರ್ಥನೆ ಎಂದಿಗಿಂತ ದೀರ್ಘವಾಯಿತು. ಸತ್ತ ಮಗನ ಹೆಸರು ಹಿಡಿದು ದೇವರಿಗೆ ಮೆಲ್ಲಗೆ ಏನೋ ಹೇಳಿಕೊಂಡರು, ಕಣ್ಣೊರೆಸಿಕೊಂಡರು. ಆಮೇಲೆ, ಆರು ವರ್ಷದಿಂದ ಗೋಡೆಗೆ ಒರಗಿಸಿಟ್ಟಿದ್ದ ಮಗನ ಕುರ್ಚಿಯನ್ನು ಅಂಗೈಯಿಂದಲೇ ಒರೆಸಿ ಊಟದ ಮೇಜಿಗೆ ಎಳೆದರು.

"ಬಾಗಿಲಲ್ಲಿ ಯಾಕಪ್ಪ ಕೂತಿದ್ದೀಯ? ಒಳಗೆ ಬಾ."

ಆ ಕುರ್ಚಿ ಯಾರದೆಂದು ಅವನಿಗೆ ಗೊತ್ತಿತ್ತು. ಕೂರುವ ಮೊದಲು ಅವಳ ಮುಖ ನೋಡಿದ, ಈ ಸಲ ಕಣ್ಣು ತಪ್ಪಿಸಲಿಲ್ಲ. ಅವಳು ಮೂರನೆಯ ತಟ್ಟೆ ತಂದಿಟ್ಟಳು.