ಹೆಸರಿಲ್ಲದ ಕೆಂಪು ಚೀಟಿ

ಬೆಳಗ್ಗೆ ಹತ್ತಕ್ಕೆ ನಿಘಂಟು ಕಚೇರಿಯ ಸಹಾಯಕಿ ಡ್ರಾಯರ್ ಎಳೆದಳು. ಮುನ್ನೂರ ಹನ್ನೆರಡು ಚೀಟಿ ಇರಬೇಕಾದಲ್ಲಿ ಒಂದೇ ಒಂದು ಕೆಂಪು ಚೀಟಿ ಬಿದ್ದಿತ್ತು.

ಕಳುವಾದದ್ದು ಚಿನ್ನವಲ್ಲ, ಒಂದು ಪದ — ಇಂಗ್ಲಿಷಿನ ‘ರನ್’. ಮೂರೇ ಅಕ್ಷರ, ಅರ್ಥ ಮಾತ್ರ ಕೆದಕಿದಷ್ಟೂ. ಮನುಷ್ಯ ಓಡುತ್ತಾನೆ, ನಲ್ಲಿ ಸುರಿಯುತ್ತದೆ, ಅಂಗಡಿ ನಡೆಯುತ್ತದೆ, ಒಗೆದ ಬಟ್ಟೆ ಬಣ್ಣ ಬಿಡುತ್ತದೆ. ಚುನಾವಣೆಗೆ ನಾವು ನಿಂತರೆ ಅಮೆರಿಕದವರು ಓಡುತ್ತಾರೆ. ಎಲ್ಲಕ್ಕೂ ಅದೇ ಪದ. ಅರ್ಥಕ್ಕೊಂದು ಚೀಟಿಯಂತೆ ಪ್ರಧಾನ ಸಂಪಾದಕರು ಎರಡು ವರ್ಷ ಕೂತು ಬರೆದಿದ್ದರು. ನಿಘಂಟಿನ ಆ ಸಂಪುಟ ಮುಂದಿನ ವಾರ ಅಚ್ಚಿಗೆ ಹೋಗಬೇಕಿತ್ತು.

ಬೀಗ ಒಡೆದಿರಲಿಲ್ಲ. ಬಾಗಿಲಿಗೆ ಮೂರು ಕೀಲಿಕೈ: ಕಾರ್ಯದರ್ಶಿ, ಸಂಪಾದಕರು, ಸಹಾಯಕಿ. ಹಿಂದಿನ ಸಂಜೆ ಬೀಗ ಹಾಕಿದವಳು ಅವಳೇ. ಹೋದ ವಾರ ಇದೇ ಪದದ ಬಗ್ಗೆ ಸಂಪಾದಕರೊಂದಿಗೆ ಅವಳಿಗೆ ಮಾತಿಗೆ ಮಾತು ಬೆಳೆದದ್ದನ್ನು ಟೈಪಿಸ್ಟ್ ಕೇಳಿಸಿಕೊಂಡಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದರು ಕಾರ್ಯದರ್ಶಿ. ಸಂಜೆಯೊಳಗೆ ಚೀಟಿ ಸಿಗದಿದ್ದರೆ ಅವಳ ಹನ್ನೊಂದು ವರ್ಷದ ಕೆಲಸ ಹೋಗುತ್ತಿತ್ತು, ಕಳ್ಳಿ ಎಂಬ ಹೆಸರು ಉಳಿಯುತ್ತಿತ್ತು.

ಪೊಲೀಸರನ್ನು ಕರೆದರೆ ಸಂಸ್ಥೆಯ ಮಾನ ಹರಾಜು. ಹಾಗಾಗಿ ಕಾರ್ಯದರ್ಶಿಗಳು ಸಂಪಾದಕರ ಹೆಂಡತಿಯ ತಮ್ಮನಾದ ನಿವೃತ್ತ ಇನ್ಸ್‌ಪೆಕ್ಟರಿಗೆ ಹೇಳಿಕಳಿಸಿದರು. ಅವರಿಗೆ ನಿಘಂಟು ಅಂದರೆ ಅಷ್ಟಕ್ಕಷ್ಟೆ. ಆದರೂ ಚಿಕ್ಕಂದಿನಲ್ಲಿ ಕೈಹಿಡಿದು ಇಂಗ್ಲಿಷ್ ಕಲಿಸಿದ್ದು ಭಾವನೇ ಆದ್ದರಿಂದ ತಕ್ಷಣ ಬಂದರು.

“ಜಗಳ ಯಾಕಾಯ್ತಮ್ಮ?”

“ಜಗಳ ಅಲ್ಲ ಸಾರ್. ಒಂದೇ ಅರ್ಥ ಎರಡು ಸಲ ಬಂದಿದೆ ಅಂದೆ. ಅವರಿಗೆ ಸಿಟ್ಟು ಬಂತು.”

“ಎರಡೇ ಸಲಾನಾ?”

ಅವಳು ಡ್ರಾಯರಿನಿಂದ ಕೆಂಪು ಚೀಟಿ ತೆಗೆದು ಅವರ ಕೈಗೆ ಕೊಟ್ಟಳು.

“ಹೋಗ್ಲಿ. ಈ ಕೆಂಪು ಚೀಟಿ ಏನು?”

ಡ್ರಾಯರಿನಿಂದ ಚೀಟಿ ಒಯ್ದವರು ಅದರ ಜಾಗದಲ್ಲಿ ಹೆಸರು, ತಾರೀಕು ಬರೆದು ಇದನ್ನಿಡಬೇಕು, ಸಂಪಾದಕರೇ ಮಾಡಿದ ನಿಯಮ, ದಿನಾ ಹತ್ತಾರು ಇಡುತ್ತೇವೆ ಎಂದಳು. ಇದು ಖಾಲಿ ಇತ್ತು. ಕಳ್ಳರು ಹೆಸರು ಬರೆದಿಟ್ಟು ಹೋಗುತ್ತಾರೆಯೇ ಎಂದರು ಕಾರ್ಯದರ್ಶಿ. ಎಲ್ಲರಿಗೂ ಸರಿಯೆನಿಸಿತು.

ಇನ್ಸ್‌ಪೆಕ್ಟರ್ ಮಾತ್ರ ಮಧ್ಯಾಹ್ನವೆಲ್ಲ ಒಂದೊಂದೇ ಡ್ರಾಯರ್ ಎಳೆದು ನೋಡಿದರು, ಆಮೇಲೆ ಮೇಜುಗಳನ್ನು. ನಾಲ್ಕಕ್ಕೆ ಎಲ್ಲರನ್ನೂ ಸಂಪಾದಕರ ಕೋಣೆಗೆ ಕರೆದರು. ಸಂಪಾದಕರು ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದರು.

“ಕದಿಯೋರು ಕೆಂಪು ಚೀಟಿ ಇಡಲ್ಲ. ವಾಪಸ್ ತರೋರು ಇಡ್ತಾರೆ,” ಎಂದರು ಇನ್ಸ್‌ಪೆಕ್ಟರ್. “ಅಭ್ಯಾಸಬಲ, ಕೈ ತಾನಾಗೇ ಇಟ್ಟಿದೆ. ಮತ್ತೆ ಹೆಸರು ಯಾಕಿಲ್ಲ? ಎಲ್ಲಾ ಡ್ರಾಯರಲ್ಲೂ ಸೇರಿ ಕೆಂಪು ಚೀಟಿ ಮೂವತ್ತೊಂದು. ಕಾರ್ಯದರ್ಶಿಗಳದ್ದು ಒಂದೂ ಇಲ್ಲ, ಅವರು ಚೀಟಿ ಮುಟ್ಟೋದೇ ಇಲ್ಲ. ಈಯಮ್ಮ ಹೆಸರು ಬರೀದೆ ಒಂದೂ ಇಟ್ಟಿಲ್ಲ. ಇದಲ್ದೆ ಇನ್ನೂ ಆರು ಖಾಲಿ. ಆ ಆರರ ಜಾಗದಿಂದ ಹೋದ ಚೀಟಿಗಳು ಒಂದೇ ಮೇಜಿನ ಮೇಲಿವೆ. ನಿಯಮ ಮಾಡಿದವರು ಹೆಸರು ಬರೆಯೋ ಗೋಜಿಗೆ ಹೋಗಿಲ್ಲ.”

ಅವರು ಸಂಪಾದಕರ ಕಡೆ ತಿರುಗಿದರು.

“ಭಾವ, ಆ ಚೀಲ ಕೊಡಿ.”

ಸಂಪಾದಕರೇ ಚೀಲ ಬಿಚ್ಚಿ ಚೀಟಿಗಳನ್ನು ಮೇಜಿನ ಮೇಲಿಟ್ಟರು. ‘ಬಣ್ಣ ಬಿಡು’ ಎಂಬ ಅರ್ಥವೊಂದೇ ಒಂಬತ್ತು ಚೀಟಿಗಳಲ್ಲಿತ್ತು. ಒಂಬತ್ತೂ ಅವರದೇ ಕೈಬರಹ.

“ಬರೆದಿದ್ದು ಮರೆತು ಮತ್ತೆ ಬರ್ದಿದ್ದೀನಿ,” ಎಂದರು. “ಯಾರಿಗೂ ಗೊತ್ತಾಗದ ಹಾಗೆ ಮನೇಲಿ ಸರಿಮಾಡಿ ಇಟ್ಬಿಡೋಣ ಅಂದ್ಕೊಂಡೆ. ಇವಳ ಮೇಲೆ ಆರೋಪ ಬಂದಾಗಲಾದ್ರೂ ಬಾಯಿ ಬಿಡ್ಬೇಕಿತ್ತು. ನಾಚಿಕೆ ಆಯ್ತು. ತಪ್ಪಾಯ್ತಮ್ಮ.”

ಕಾರ್ಯದರ್ಶಿ ಕೆಮ್ಮಿದರು. ಸಹಾಯಕಿ ಕಣ್ಣೊರೆಸಿಕೊಂಡು, ಆ ಖಾಲಿ ಕೆಂಪು ಚೀಟಿಯನ್ನು ಸಂಪಾದಕರ ಮುಂದಿಟ್ಟಳು.

“ಹೆಸರು ಬರೀರಿ ಸಾರ್. ಇನ್ನೂ ಒಂದು ವಾರ ಇದೆ. ಇಬ್ರೂ ಕೂತು ನೋಡೋಣ.”

ಸಂಪಾದಕರು ದುಂಡಗೆ ಹೆಸರು ಬರೆದರು. ತಾರೀಕಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

“ಇವತ್ತು ಎಷ್ಟನೇ ತಾರೀಕಮ್ಮ?”

ಬೆಳಗಿನಿಂದ ಅವರು ಅದನ್ನು ಕೇಳಿದ್ದು ನಾಲ್ಕನೆಯ ಸಲ. ಮೊದಲ ಸಲ ಕೇಳಿಸಿಕೊಂಡವಳಂತೆ ಅವಳು ಹೇಳಿದಳು.