ಕಲ್ಲಾದ ಕೈಮೇಲೆ ಒದ್ದೆ ಪಂಚೆ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಕೆಮ್ಮಣ್ಣಪುರ ಎಂಬ ರಾಜ್ಯವಿತ್ತು. ಅಲ್ಲಿ ಬೀದಿಗೊಂದು ಗರಡಿಮನೆ, ಮನೆಗೊಬ್ಬ ಜಟ್ಟಿ. ಮುಷ್ಟಿಕಾಳಗ ಎಂದರೆ ಉಣ್ಣುವ ತಟ್ಟೆ ಬಿಟ್ಟು ಓಡುವ ಜನ.

ಆ ರಾಜ್ಯಕ್ಕೆ ಧೂಮಾಂಗನೆಂಬ ಮಾಂತ್ರಿಕ ಬಂದ. ಕೆರೆಯ ದಂಡೆಯಲ್ಲಿ ಕೂತು, ಕೆರೆಯ ನೀರನ್ನೆಲ್ಲ ತನ್ನ ಸೋರೆಬುರುಡೆಯೊಳಗೆ ತುಂಬಿಕೊಂಡ. ಬಾವಿಗಳ ನೀರೂ ಅದರ ಹಿಂದೆಯೇ ಹೋಯಿತು. ಹೆಂಗಸರು ಬೆಟ್ಟದಾಚೆಯಿಂದ ನೀರು ಹೊತ್ತು ಹೊತ್ತು ನಡು ಮುರಿದುಕೊಂಡರು. ಅವನು ಮಾತ್ರ ಅರಮನೆಯ ಅಂಗಳದಲ್ಲಿ ಬುರುಡೆ ಬಗ್ಗಿಸಿಕೊಂಡು ದಿನಕ್ಕೆ ಮೂರು ಹೊತ್ತು ತಲೆಗೆ ಸ್ನಾನ ಮಾಡುತ್ತಿದ್ದ. ಹೊಟ್ಟೆ ಉರಿಯುವುದಿಲ್ಲವೇ, ನೀವೇ ಹೇಳಿ.

ಜನ ಹೋಗಿ ದೊರೆ ಸುಮಂತನಿಗೆ ದೂರು ಕೊಟ್ಟರು. ದೊರೆಗೆ ಮಾಂತ್ರಿಕನ ಭಯ, ಭಯವೆಂದು ಹೇಳಿಕೊಳ್ಳಲು ನಾಚಿಕೆ. ಹಾಗಾಗಿ ಒಂದು ಡಂಗುರ ಸಾರಿಸಿದ. ದೂರು ಇದ್ದವರು ಧೂಮಾಂಗನೊಡನೆ ಮುಷ್ಟಿಕಾಳಗಕ್ಕೆ ನಿಲ್ಲಬೇಕು. ಒಂದೇ ಒಂದು ಗುದ್ದು ಅವನಿಗೆ ತಾಗಿದರೆ ನೀರು ಜನರದ್ದು, ತಾಗದಿದ್ದರೆ ದೂರೇ ಸುಳ್ಳು. ನೀರು ಕದ್ದವನು ಹಾಯಾಗಿರಬೇಕಂತೆ, ಕಳೆದುಕೊಂಡವನು ಗುದ್ದಾಡಿ ಸತ್ಯ ತೋರಿಸಬೇಕಂತೆ. ಇದಕ್ಕೆ ನ್ಯಾಯ ಎಂದು ಹೆಸರು. ಸಭೆಯಲ್ಲಿ ಪೇಟ ಸುತ್ತಿಕೊಂಡು ಕೂತಿದ್ದ ದೊಡ್ಡ ಮನುಷ್ಯರಲ್ಲಿ ಒಬ್ಬರಾದರೂ ತುಟಿ ಬಿಚ್ಚಲಿಲ್ಲ.

ಒಬ್ಬರ ಹಿಂದೆ ಒಬ್ಬರು ಜಟ್ಟಿಗಳು ಹೋದರು. ಗುದ್ದಲು ಕೈ ಚಾಚಿದವರು ಚಾಚಿದ ಹಾಗೆಯೇ ಕಲ್ಲಾದರು. ಕೊನೆಗೆ ಹೋದವನು ಬಿಲ್ಲಯ್ಯ, ಒಂದೇಟಿಗೆ ಗೋಡೆ ಕೆಡವುತ್ತಿದ್ದ ಜಟ್ಟಿ. ಅವನೂ ಕಲ್ಲಾದ. ಅವನ ಬಲಗೈ ಉದ್ದಕ್ಕೆ ನೆಟ್ಟಗೆ ಚಾಚಿಕೊಂಡಿತ್ತು. ಧೂಮಾಂಗ ಅದನ್ನು ನೋಡಿ ನಕ್ಕು, ಸ್ನಾನ ಮುಗಿಸಿದ ಮೇಲೆ ತನ್ನ ಒದ್ದೆ ಪಂಚೆಯನ್ನು ಹಿಂಡಿ ಆ ಕೈಮೇಲೆ ಒಣಹಾಕಿದ.

ಬಿಲ್ಲಯ್ಯನಿಗೆ ಸಂಕವ್ವ ಎಂಬ ತಂಗಿ. ಗರಡಿಯ ಮಣ್ಣಿಗೆ ಅರಿಸಿನ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡುತ್ತಿದ್ದವಳು ಅವಳೇ. ಅಣ್ಣನ ಕೈಯಿಂದ ಆ ಪಂಚೆಯ ನೀರು ತೊಟ್ಟಿಕ್ಕುವುದನ್ನು ಅವಳು ಕಣ್ಣಾರೆ ಕಂಡಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಣ್ಣನನ್ನು ಬಿಡಿಸಿಯೇ ತೀರುತ್ತೇನೆ ಎಂದು ನೆಟ್ಟಗೆ ಗರಡಿಯ ಗುರು ಗಟ್ಟಿಯಪ್ಪನ ಬಳಿ ಹೋದಳು. ನಿನ್ನಣ್ಣನಿಗೆ ಬಲ ಸಾಲದಾಯಿತು, ಇನ್ನೂ ದೊಡ್ಡ ಗುಂಡುಕಲ್ಲು ಎತ್ತಬೇಕಿತ್ತು, ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು ಅವನು ಬುದ್ಧಿ ಹೇಳಿದ.

"ಬಲ ಸಾಲದೆ ಅಲ್ಲ ಗುರುಗಳೇ, ಹೊತ್ತು ಸಾಲದೆ," ಎಂದಳು ಸಂಕವ್ವ. "ಅಣ್ಣನ ಕೈ ತಡವಾಗಿ ಹೋಯ್ತು. ಬೇಗ ಹೋಗೋದನ್ನ ಕಲಿಸೋರು ಯಾರಿದಾರೆ ಹೇಳಿ."

ಗಟ್ಟಿಯಪ್ಪನಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳದೆ ಅವನು ಬಾಗಿಲು ಮುಂದೆ ಮಾಡಿದ. ಮನುಷ್ಯರಿಗೆ ಬಾರದ ಚುರುಕು ಮಾಯಾವನದ ಪ್ರಾಣಿಗಳಿಗಿದೆ ಎಂದು ಕೇಳಿದ್ದ ಸಂಕವ್ವ ಸೆರಗು ಬಿಗಿದು ಆ ವನದ ದಾರಿ ಹಿಡಿದಳು.

ವನದ ಮೊದಲಲ್ಲೇ ಒಂದು ಹೊಳೆ. ಕೊಂಬೆಯ ಮೇಲೆ ಕೂತಿದ್ದ ಮಿಂಚುಳ್ಳಿ ಅವಳ ಸಂಕಟ ಕೇಳಿ, ಈ ಹೊಳೆಯ ಮೀನನ್ನು ಗುದ್ದಿ ಮುಟ್ಟು, ಆಗ ಮುಂದೆ ಬಿಡುತ್ತೇನೆ ಎಂದಿತು. ಸಂಕವ್ವ ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ತೋಳು ಬಿಗಿದು ಗುದ್ದಿದಳು. ಮೀನು ಆಗಲೇ ಆಚೆ ದಡದ ಹತ್ತಿರವಿತ್ತು. ದಿನಗಟ್ಟಲೆ ಗುದ್ದಿದಳು. ಭುಜ ಬಾತುಕೊಂಡಿತು.

"ಆಗಿನಿಂದ ಮುಷ್ಟಿ ಬಿಗಿಹಿಡಿದು ಯಾರನ್ನು ಹೆದರಿಸ್ತಿದೀಯ?" ಎಂದಿತು ಮಿಂಚುಳ್ಳಿ. "ಬಿಗಿದ ಕೈ ತನ್ನನ್ನೇ ತಾನು ಹಿಡಿದುಕೊಂಡಿರುತ್ತೆ ಮಗಳೇ. ಸಡಿಲ ಬಿಡು. ಮುಟ್ಟೋ ಗಳಿಗೆಗೆ ಮಾತ್ರ ಮುಷ್ಟಿ ಕಟ್ಟು."

ಸಿಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಕೈ ಸಡಿಲ ಬಿಡುವುದು ಹೇಳಿದಷ್ಟು ಸುಲಭವಲ್ಲ. ಆ ಪಂಚೆ ನೆನಪಾದಾಗಲೆಲ್ಲ ಅವಳ ಬೆರಳು ತಾವೇ ಮಡಚಿಕೊಳ್ಳುತ್ತಿದ್ದವು. ಆದರೂ ಬಿಡದೆ ಕಲಿತಳು. ಒಂದು ಬೆಳಗ್ಗೆ ಮೀನಿನ ಬೆನ್ನು ಅವಳ ಗೆಣ್ಣಿಗೆ ತಾಗಿತು. ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟಿತು.

ಮುಂದೆ ಒಂದು ಆಲದ ಮರ. ಅದರ ಮೇಲೆ ಎತ್ತಿನ ಗಾತ್ರದ ಊಸರವಳ್ಳಿ. ಅದು ತನ್ನ ಮೂತಿಯೆದುರು ಒಂದು ಎಲೆ ತೂಗಬಿಟ್ಟು, ಎಲೆಗೆ ಗುದ್ದು ಎಂದಿತು. ಸಂಕವ್ವ ಗುದ್ದಿದಳು, ಎಲೆ ಹರಿಯಿತು. ಅವಳು ಹಿಗ್ಗುವಷ್ಟರಲ್ಲಿ ಊಸರವಳ್ಳಿಯ ನಾಲಿಗೆ ಚಾಚಿ ಬಂದು ಮಣಿಕಟ್ಟು ಸುತ್ತಿಕೊಂಡಿತು. ಹೊತ್ತು ಮುಳುಗುವವರೆಗೆ ಅದು ಬಿಡಲಿಲ್ಲ. ಮರುದಿನವೂ ಅದೇ ಕತೆ.

ಕೈ ಕಳಿಸುವುದಷ್ಟೇ ಕಲಿತಿದ್ದೀಯೆ, ಕರೆಸಿಕೊಳ್ಳುವುದು ಕಲಿತಿಲ್ಲ ಎಂದು ಊಸರವಳ್ಳಿ ಗದರಿತು. ಹೋದ ದಾರಿಯಲ್ಲೇ, ಹೋದದ್ದಕ್ಕಿಂತ ಬೇಗ ಕೈ ಗಲ್ಲದ ಬಳಿಗೆ ಮರಳಬೇಕು. ಮರಳುವ ಅವಸರವಿದ್ದರೆ ಹೋಗುವ ಕೈಯೂ ಚುರುಕಾಗುತ್ತದೆ. ಸಂಕವ್ವ ಹಾಗೇ ಮಾಡಿದಳು. ಆಲದಲ್ಲಿ ಹಳೆ ಎಲೆ ಉದುರಿ ಹೊಸ ಎಲೆ ಬರುವ ಹೊತ್ತಿಗೆ ನಾಲಿಗೆ ಬರಿಗಾಳಿಯನ್ನು ನೆಕ್ಕಿಕೊಂಡು ಹಿಂದಕ್ಕೆ ಹೋಯಿತು. ಮರ ಬೇರು ಸರಿಸಿ ದಾರಿ ಬಿಟ್ಟಿತು.

ಕೊನೆಗೆ ಒಂದು ಗವಿ. ಒಳಗೆ ಹಣೆಯ ಮೇಲೆ ದೀಪ ಉರಿಯುವ ಹುಲಿ ಮಲಗಿತ್ತು. ನನ್ನನ್ನು ಮುಟ್ಟದೆ, ಗುದ್ದಿನ ಗಾಳಿಯಿಂದ ದೀಪ ಆರಿಸು ಎಂದು ಹೇಳಿ ಕಣ್ಣು ಮುಚ್ಚಿತು. ಸಂಕವ್ವ ಗರಡಿಯಲ್ಲಿ ಕಂಡ ಪ್ರಕಾರ ಕಾಲು ಅಗಲಿಸಿ ನಿಂತು ಫಟ್ಟನೆ ತೊಡೆ ತಟ್ಟಿದಳು. ತೊಡೆ ತಟ್ಟದೆ ಗುದ್ದುವುದು ಹೇಡಿತನ ಎಂಬುದು ಕೆಮ್ಮಣ್ಣಪುರದ ಕಟ್ಟಳೆ. ಮರುಕ್ಷಣ ಅವಳ ತೋಳಿನಲ್ಲಿ ಹುಲಿಯ ಉಗುರು ಎಳೆದ ಗೀರು.

"ನೀನು ತಟ್ಟಿದ್ದಕ್ಕೆ ನಾನು ಎದ್ದೆ, ಆಕಳಿಸಿದೆ, ಮೈ ಮುರಿದೆ, ಆಮೇಲೆ ಪರಚಿದೆ," ಎಂದಿತು ಹುಲಿ. "ಅಷ್ಟು ಹೊತ್ತು ಏನು ಮಾಡ್ತಿದ್ದೆ?"

"ಜನ ಜೈ ಅನ್ನಲಿ ಅಂತ ಕಾಯ್ತಿದ್ದೆ ಹುಲಿಯಪ್ಪ."

"ಈ ಗವಿಯಲ್ಲಿ ಯಾವ ಜನ?"

ಸಂಕವ್ವ ಅಲ್ಲೇ ಕೂತು ಯೋಚಿಸಿದಳು. ಈಗ ಅವಳಿಗೆ ಎಲ್ಲವೂ ಹೊಳೆಯಿತು. ಅಣ್ಣ ತೊಡೆ ತಟ್ಟಿ, ಮೀಸೆ ತಿರುವಿ, ಜನರ ಜೈಕಾರ ಮುಗಿಯಲೆಂದು ಕಾದಿದ್ದ. ಎಲ್ಲ ಜಟ್ಟಿಗಳೂ ಕಾದಿದ್ದರು. ಆ ಗದ್ದಲದ ನಡುವೆ ಧೂಮಾಂಗನ ತುಟಿ ಅಲ್ಲಾಡಿದ್ದನ್ನು ಅವಳು ಕಂಡಿದ್ದಳು, ನಗುತ್ತಿದ್ದಾನೆ ಎಂದುಕೊಂಡಿದ್ದಳು. ಅವನು ಮಂತ್ರ ಹೇಳುತ್ತಿದ್ದ. ಜಟ್ಟಿಗಳ ಮರ್ಯಾದೆಯ ಮರೆಯಲ್ಲೇ ನಿಂತು ಅವನು ಜಟ್ಟಿಗಳನ್ನು ಕಲ್ಲು ಮಾಡುತ್ತಿದ್ದ. ಅವಳ ಮೈಯೆಲ್ಲ ಉರಿದುಹೋಯಿತು.

ಕಟ್ಟಳೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ತೊಡೆ ತಟ್ಟಿಯೇ ಗುದ್ದುತ್ತೇನೆ, ಆದರೆ ಕಾಯುವುದಿಲ್ಲ ಎಂದಳು. ತೊಡೆಗೆ ತಾಗಿ ಚಿಮ್ಮಿದ ಕೈಯೇ ನಿಲ್ಲದೆ ಗುದ್ದಾಗಿ ಹೋಗಬೇಕು. ಮೈತುಂಬ ಗೀರುಗಳಾದವು. ಕೊನೆಗೊಮ್ಮೆ ತಟ್ಟಿದ ಸದ್ದೂ ದೀಪ ಆರಿದ ಸದ್ದೂ ಒಂದೇ ಆಗಿ ಕೇಳಿಸಿತು. ಹುಲಿ ಕತ್ತಲಲ್ಲಿ ಅವಳ ಗಾಯಗಳನ್ನು ನೆಕ್ಕಿ ವಾಸಿಮಾಡಿ, ಹೋಗಿ ಬಾ ಮಗಳೇ ಎಂದಿತು.

ಸಂಕವ್ವ ಅರಮನೆಯ ಅಂಗಳಕ್ಕೆ ಬಂದಾಗ ಧೂಮಾಂಗ ಆಗತಾನೇ ಸ್ನಾನ ಮುಗಿಸಿ ಬಿಲ್ಲಯ್ಯನ ಕೈಮೇಲೆ ಪಂಚೆ ಹರವುತ್ತಿದ್ದ. ಅವಳನ್ನು ಕಂಡು, ಬಟ್ಟೆ ಒಣಗಿಸಲು ಇನ್ನೊಂದು ಕಲ್ಲು ಬಂತು ಎಂದು ನಕ್ಕ. ಸಭೆಯ ದೊಡ್ಡವರೂ ನಕ್ಕರು. ಸಂಕವ್ವ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡಳು, ಕೈ ಸಡಿಲ ಬಿಟ್ಟಳು, ತೊಡೆ ತಟ್ಟಿದಳು.

ಜನ ಜೈ ಎನ್ನಲು ಬಾಯಿ ತೆರೆದರು. ಧೂಮಾಂಗ ಮಂತ್ರಕ್ಕೆ ತುಟಿ ತೆರೆದ. ಅಷ್ಟರಲ್ಲಿ ಗುದ್ದು ಅವನ ದವಡೆಗೆ ತಾಗಿ, ಕೈ ಸಂಕವ್ವನ ಗಲ್ಲದ ಬಳಿಗೆ ಮರಳಿಯೂ ಆಗಿತ್ತು. ಹೊರಗೆ ಬರಬೇಕಿದ್ದ ಮಂತ್ರವನ್ನು ಅವನು ಗುಟುಕ್ಕನೆ ನುಂಗಿದ. ನುಂಗಿದ ಮಂತ್ರ ಒಳಗೇ ಕೆಲಸ ಮಾಡಿತು. ಗುದ್ದು ತಡೆಯಲೆಂದು ತಡವಾಗಿ ಎತ್ತಿದ ಕೈಯನ್ನು ಅಡ್ಡ ಹಿಡಿದ ಹಾಗೆಯೇ ಅವನು ಕಾಲಿನಿಂದ ತಲೆಯವರೆಗೆ ಕಲ್ಲಾದ. ಸೋರೆಬುರುಡೆ ಬಿದ್ದು ಒಡೆದು, ನೀರು ಅಂಗಳ ತುಂಬಿ ಬೀದಿಗೆ ನುಗ್ಗಿ ಕೆರೆಯ ಕಡೆ ಹರಿಯಿತು. ಆ ನೀರು ತಾಗಿದ ಜಟ್ಟಿಗಳೆಲ್ಲ ಉಸಿರು ಬಿಟ್ಟು ಎದ್ದರು. ಬಿಲ್ಲಯ್ಯ ಚಾಚಿದ ಕೈಯನ್ನು ಮಡಚಿ, ನೋವಾಯಿತೆಂದು ಉಜ್ಜಿಕೊಂಡ. ಸಂಕವ್ವನಿಗೆ ಆಗ ಅಳು ಬಂತು.

ದೊರೆ ಕೊರಳಿನ ಹಾರ ತೆಗೆದು ಅವಳಿಗೆ ಕೊಡಲು ಬಂದ. ಅವಳು ಕೈ ಚಾಚಲಿಲ್ಲ.

"ಬುದ್ಧೀ, ನನ್ನ ಕೈ ಚುರುಕಾಯ್ತು, ಅದಕ್ಕೆ ನೀರು ಬಂತು," ಎಂದಳು. "ಚುರುಕಾಗದೇ ಇದ್ದಿದ್ರೆ ನೀರು ನಮ್ಮದಲ್ಲ ಅಂತಿದ್ರಾ? ಗುದ್ದೋಕೆ ಬಾರದ ಮುದುಕಿ ಬಾಯಾರಿ ಸಾಯಬೇಕಿತ್ತಾ?"

ದೊರೆ ಹಾರವನ್ನು ಕೆಳಗಿಟ್ಟ. ತಲೆ ತಗ್ಗಿಸಿ, ಆ ಅಂಗಳದಲ್ಲೇ ಮುಷ್ಟಿಕಾಳಗದ ನ್ಯಾಯವನ್ನು ರದ್ದು ಮಾಡಿದ. ಇನ್ನು ಮೇಲೆ ದೂರು ಇದ್ದವರು ಬಾಯಲ್ಲಿ ಹೇಳಿದರೆ ಸಾಕು, ಕೇಳಿ ವಿಚಾರಿಸುವುದು ದೊರೆಯ ಕೆಲಸ. ಆಮೇಲೆ ಪೇಟದ ದೊಡ್ಡವರನ್ನೂ ಕರೆದುಕೊಂಡು ಕೆರೆಗೆ ಇಳಿದು, ಬಾಣಂತಿಯರ ಮನೆಗೂ ಮುದುಕರ ಮನೆಗೂ ತಾನೇ ಕೊಡ ಹೊತ್ತ.

ಕೆಮ್ಮಣ್ಣಪುರದವರು ಅಂದು ಹೊಟ್ಟೆತುಂಬ ನೀರು ಕುಡಿದರು, ಮಕ್ಕಳನ್ನು ಮೀಯಿಸಿದರು, ಅಂದಿನಿಂದ ಎಲ್ಲರೂ ನೆಮ್ಮದಿಯಾಗಿ ಬಾಳಿದರು. ಗಟ್ಟಿಯಪ್ಪನ ಗರಡಿಯಲ್ಲಿ ಸಂಕವ್ವನ ಕೈಕೆಳಗೆ ಹುಡುಗಿಯರೂ ಕಲಿತರು. ಧೂಮಾಂಗನ ಕಲ್ಲನ್ನು ಜನ ಹೊತ್ತು ತಂದು ಕೆರೆಯ ಬಟ್ಟೆ ಒಗೆಯುವ ಕಟ್ಟೆಯ ಪಕ್ಕ ನಿಲ್ಲಿಸಿದರು. ಅಡ್ಡ ಹಿಡಿದ ಅವನ ಕೈ ಒಳ್ಳೆಯ ಬಿಸಿಲಿಗೇ ಇತ್ತು. ಅದರ ಮೇಲೆ ಮೊದಲು ಒಣಗಿದ್ದು ಬಿಲ್ಲಯ್ಯನ ಲಂಗೋಟಿ.