ಬೆಳಗಿದ ಹಿಡಿಕೆ

ತಂದೆಯನ್ನು ಕೊಂದ ಕೈ ಹೀಗಿರುತ್ತದೆಯೇ?

ಇನ್ಸ್‌ಪೆಕ್ಟರ್ ಶಿವಶರಣ ಹತ್ತೂರೆ ಎದುರಿಗೆ ಕೂತಿದ್ದ ಹುಡುಗನ ಕೈಗಳನ್ನೇ ನೋಡುತ್ತಿದ್ದರು. ಬಲಗೈ ಹೆಬ್ಬೆರಳಿನ ಮೇಲೆ ಜಡ್ಡುಗಟ್ಟಿದ ಚರ್ಮ, ಉಗುರಿನ ಸಂದಿಯಲ್ಲಿ ಗಿಡದ ಅಂಟು. ರಕ್ತವಿರಲಿಲ್ಲ, ಒಂದು ಗೀರೂ ಇರಲಿಲ್ಲ. ತೊಳೆದುಕೊಂಡಿರಬೇಕು. ಆದರೆ ರಕ್ತ ಹೋಗುವಂತೆ ತಿಕ್ಕಿ ತೊಳೆದವನ ಉಗುರಿನಲ್ಲಿ ಹಳೆಯ ಅಂಟು ಉಳಿಯುತ್ತದೆಯೇ? ಅಂಟು ನೀರಿಗೆ ಬಿಡುವುದಿಲ್ಲವೇನೋ. ಅವರಿಗೆ ಗೊತ್ತಿರಲಿಲ್ಲ.

ಫೆಬ್ರುವರಿ ಹನ್ನೊಂದು, ಮುಂಜಾನೆ ಆರೂಮುಕ್ಕಾಲು. ಅಕ್ಕಲಕೋಟ ಠಾಣೆಯ ಕಸ ಗುಡಿಸುವ ಹೊತ್ತಿಗೆ ಶುಭಂ ಬಂದಿದ್ದ. ನಾಗಣಸೂರಿನ ಬಸಣ್ಣನ ಮಗ. ಸೋಲಾಪುರದ ಒಂದು ನರ್ಸರಿಯಲ್ಲಿ ಸೀತಾಫಲದ ಕಸಿ ಕಟ್ಟುವ ಕೆಲಸ; ಹಿಂದಿನ ಸಂಜೆಯಷ್ಟೇ ಊರಿಗೆ ಬಂದಿದ್ದ. ಬಟ್ಟೆಯಲ್ಲಿ ಸುತ್ತಿದ್ದ ಮಡಚುವ ಚಾಕುವನ್ನು ಮೇಜಿನ ಮೇಲಿಟ್ಟು, "ನಮ್ಮಪ್ಪನ್ನ ಕೊಂದೀನ್ರಿ. ಬರಕೋರಿ," ಎಂದಿದ್ದ.

"ಯಾಕ?"

"ಜಗಳಾ ಆತ್ರಿ."

"ಯಾವುದರ ಸಲುವಾಗಿ?"

"ಜಗಳಾ, ಸಾಹೇಬ್ರ."

"ಎಷ್ಟ ಸಲ ಹೊಡದಿ?"

ಶುಭಂ ಮೇಜಿನ ಅಂಚನ್ನು ನೋಡಿದ. "ನೆನಪಿಲ್ರಿ."

ಅಷ್ಟರಲ್ಲಿ ಊರಿನ ಪೊಲೀಸ್ ಪಾಟೀಲ ಕಾಮಣ್ಣನ ಫೋನ್ ಬಂತು. ಬಸಣ್ಣ ಅಂಗಳದ ಹೊರಸಿನ ಮೇಲೆ ಸತ್ತು ಬಿದ್ದಿದ್ದಾನೆ, ಕುತ್ತಿಗೆಗೆ ಗಾಯವಾಗಿದೆ ಎಂದ. ಅವನ ಫಿರ್ಯಾದಿನ ಮೇಲೆ ನ್ಯಾಯ ಸಂಹಿತೆಯ ಕಲಂ 103ರಡಿ ಕೊಲೆಯ ಎಫ್‌ಐಆರ್ ದಾಖಲಾಯಿತು. ಪೊಲೀಸರೆದುರು ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅದು ಹತ್ತೂರೆಗೂ ಗೊತ್ತಿತ್ತು, ಬಹುಶಃ ಹುಡುಗನಿಗೆ ಗೊತ್ತಿರಲಿಲ್ಲ.

ಹವಾಲ್ದಾರ ಗೊಲ್ಲಾಳಪ್ಪ ಕೈಗವಸು ಹಾಕಿಕೊಂಡು ಚಾಕು ಬಿಡಿಸಿದ. ಹಿತ್ತಾಳೆಯ ಹಿಡಿಕೆ, ಅಂಗೈಯಷ್ಟೇ ಉದ್ದದ ಅಲಗು, ಅದರ ಮೇಲೆ ಜಪಾನಿ ಅಕ್ಷರ.

"ಇದಕ್ಕ ಎಷ್ಟ ಕೊಟ್ಟೀಯೋ ತಮ್ಮಾ?"

ಶುಭಂ ಹೇಳಿದ.

"ಅಷ್ಟಕ್ಕ ನಮ್ಮೂರಾಗ ಮರಿ ಸಮೇತ ಕುರಿ ಬರ್ತದ," ಎಂದು ಗೊಲ್ಲಾಳಪ್ಪ ಅಲಗನ್ನು ಬೆಳಕಿಗೆ ಹಿಡಿದ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. "ನಮ್ಮಪ್ಪ ಕುರಿ ಗೊರಸು ಕೆತ್ತೂ ಚಾಕು ಬಾಗ್ತಿತ್ತ್ರಿ, ಮುರೀತಿರಲಿಲ್ಲ. ಇದರ ತುದೀಗಿ ಚೂರು ಎದ್ದು ಹೋಗೇದ ನೋಡ್ರಿ."

ಅಲಗು ಕಪ್ಪಗಾಗಿತ್ತು. ಹಿಡಿಕೆ ಮಾತ್ರ ಹೊಸ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಮಹಿಳಾ ಪೊಲೀಸ್ ನಂದಾ ಅದನ್ನು ಒಂದು ಗಳಿಗೆ ಹೆಚ್ಚೇ ನೋಡಿದಳು. ಫೋಟೊ ತೆಗೆದು ಚಾಕುವನ್ನು ಸೀಲು ಮಾಡಿದರು.

ಒಂಬತ್ತು ಗಂಟೆಗೆ ನಾಗಣಸೂರಿನಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಬಸಣ್ಣ ಮಲಗಿದಲ್ಲೇ ಸತ್ತಿದ್ದ. ಹೊದ್ದ ಚಾದರ ಸರಿದಿರಲಿಲ್ಲ. ಕುತ್ತಿಗೆಯ ಎಡಕ್ಕೆ ಒಂದೇ ಗಾಯ, ಆಳವಾದದ್ದು. ಜಗಳವಾಡಿದ ಮನುಷ್ಯ ಚಾದರ ಹೊದ್ದುಕೊಂಡು ಸಾಯುತ್ತಾನೆಯೇ ಎಂದು ಹತ್ತೂರೆ ತಮಗೆ ತಾವೇ ಕೇಳಿಕೊಂಡರು.

ಬಸಣ್ಣನ ಹೆಂಡತಿ ಶಾರದಾಬಾಯಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಬಲಗೈ ಬೆರಳುಗಳಿಗೆ ಅರಿಶಿಣ ಮೆತ್ತಿದ ಚಿಂದಿ ಸುತ್ತಿತ್ತು.

"ಕೈಗಿ ಏನಾತವ್ವಾ?"

"ಈಳಿಗಿ ಹತ್ತ್ಯದ್ರಿ. ಬದನಿಕಾಯಿ ಹೆಚ್ಚುವಾಗ."

ಮಗಳು ರೂಪಾಲಿ ಒಳಗೆ ಗೋಡೆಗೆ ಒರಗಿ ನಿಂತಿದ್ದಳು. ಗಂಡನ ಮನೆ ಮರವಡೆ ಎಂಬ ಊರಲ್ಲಿ. ಎರಡು ತಿಂಗಳಿಂದ ತವರಿನಲ್ಲಿದ್ದಳು. ಎಡಗೈ ಮೇಲೆ ಸೆರಗು ಹೊದ್ದಿದ್ದಳು. ನಂದಾ ಹತ್ತಿರ ಹೋದಾಗ ಸೆರಗು ಜಾರಿ, ಮೊಣಕೈವರೆಗಿನ ಸುಟ್ಟ ಕಲೆ ಕಂಡಿತು.

"ಯಾರ ಸುಟ್ಟರು?"

"ಒಲಿ ಹತ್ತಿದ್ದರಿ," ಅಂದಳು ರೂಪಾಲಿ. "ರಾತ್ರಿ ನಾ ಮಲಗಿದ್ನಿ. ಏನೂ ಕೇಳಲಿಲ್ಲ."

ಆ ಮನೆಯಲ್ಲಿ ಎಲ್ಲರಿಗೂ ಯಾವುದೋ ಒಂದು ಹತ್ತಿರುತ್ತದೆ ಎಂದುಕೊಂಡು ಹತ್ತೂರೆ ಹೊರಗೆ ಬಂದರು.

ಮಧ್ಯಾಹ್ನ ಶವಪರೀಕ್ಷೆ ಮಾಡಿದ ಡಾಕ್ಟರರು ಕುತ್ತಿಗೆಯ ಮೂಳೆಗೆ ಸಿಕ್ಕಿದ್ದ ಎಳ್ಳಿನಷ್ಟು ಉಕ್ಕಿನ ಚೂರನ್ನು ಸೀಸೆಯಲ್ಲಿ ಹಾಕಿ ಕೊಟ್ಟರು. ಚುಚ್ಚಿ, ತಿರುವಿ, ಎಳೆದಿದ್ದಾರೆ ಎಂದರು. ಆಯುಧದ ಬಗ್ಗೆ ಸಂಶಯ ಉಳಿಯಲಿಲ್ಲ. ಆಯುಧ ಹಿಡಿದವರ ಬಗ್ಗೆ ಉಳಿಯಿತು.

ಮೂರು ಗಂಟೆಗೆ ಹತ್ತೂರೆ ಸೋಲಾಪುರದ ನರ್ಸರಿಯಲ್ಲಿದ್ದರು. ಮಾಲಕ ಚನ್ನವೀರಪ್ಪ ಶುಭಂನ ಹೆಸರು ಕೇಳಿ ಕುರ್ಚಿ ಹಿಡಿದು ಕೂತ.

"ಆ ಚಾಕು ಅಂವ ಯಾರಿಗೂ ಕೊಡಾಂವ ಅಲ್ರಿ. ಒಮ್ಮಿ ನಿಂಬಿಹಣ್ಣ ಕೊಯ್ಯಾಕ ಕೇಳಿದ್ನಿ. ಮಾಲಕಾ, ನನ್ನ ಕೈಬೆಳ್ಳ ಬೇಕಾರ ಕೊಯ್ಕೋರಿ ಅಂದ. ಮಂದಿ ಎಲ್ಲಾ ನಗಾಕತ್ತಿದ್ರು."

"ನೀವು ಹಿಡದೀರೇನು ಅದನ್ನ?"

"ಒಂದ ಸಲ ಹಿಡದು ಬುದ್ಧಿ ಬಂತ್ರಿ." ಚನ್ನವೀರಪ್ಪ ತೋರುಬೆರಳಿನ ಒಳಗಿನ ಹಳೆಯ ಗೀರು ತೋರಿಸಿದ. "ಅದಕ್ಕ ಲಾಕ್ ಇಲ್ಲ. ಅಲಗಿನ ಹಿಂದ ಒಂದ ಸಣ್ಣ ಬಾಲ ಇರ್ತದಲ್ಲ, ಅದನ್ನ ಹೆಬ್ಬೆಟ್ಟಿಲೆ ಒತ್ತಿ ಹಿಡೀಬೇಕು. ಕೊಯ್ಯಾಕ ಅಡ್ಡಿಲ್ಲ. ಚುಚ್ಚಾಕ ಹೋಗಿ ಹೆಬ್ಬೆಟ್ಟು ಜಾರಿದ್ರ ಅಲಗು ಮಡಚಿ ಬೆಳ್ಳಿನ ಮ್ಯಾಲೆ ಬೀಳ್ತದ."

ಶುಭಂನ ಹೆಬ್ಬೆರಳಿನ ಜಡ್ಡು ಹತ್ತೂರೆಗೆ ಕಣ್ಣಮುಂದೆ ಬಂತು. ಅದರ ಹಿಂದೆಯೇ ಅರಿಶಿಣದ ಚಿಂದಿಯೂ ಬಂತು. ಅದು ಬರದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಠಾಣೆಗೆ ಮರಳಿದಾಗ ನಂದಾ ಬಾಗಿಲಲ್ಲೇ ತಡೆದಳು.

"ಸಾಹೇಬ್ರ, ಒಂದು ಮಾತು. ಗಂಡಸು ರಕ್ತಾ ಹತ್ತಿದ ಚಾಕು ತೊಳದ್ರ ಅಲಗು ತೊಳೀತಾನ. ಹಿಡಿಕಿ ಯಾಕ ಬೆಳಗ್ಯಾನು?"

"ಹೇಳು."

"ಅವರ ಮನಿ ದೇವರ ಮುಂದಿನ ಸಮಯಿ ದೀಪ, ತಂಬಗಿ ನೋಡಿದ್ನಿ. ಹಂಗs ಹೊಳೀತಾವು. ಬಚ್ಚಲ ಕಲ್ಲಿನ ಮ್ಯಾಲೆ ಹುಣಸಿಹಣ್ಣಿನ ನಾರು ಬಿದ್ದಿತ್ತು. ಪಂಚನಾಮೆದಾಗ ಬರಿಸೀನಿ. ಕೈಗಿ ಹಿತ್ತಾಳಿ ಸಿಕ್ರ ಹುಣಸಿಹಣ್ಣು ಹಚ್ಚೋದು ಹೆಣಮಕ್ಕಳ ರೂಢಿರಿ. ವಿಚಾರ ಮಾಡಿ ಮಾಡೂದಿಲ್ಲ."

ಹತ್ತೂರೆ ಶುಭಂನನ್ನು ಕರೆಸಿ ಚಹಾ ತರಿಸಿದರು. ಫೋನಿನಲ್ಲಿದ್ದ ಚಾಕುವಿನ ಫೋಟೊ ತೆರೆದು ಅವನ ಮುಂದಿಟ್ಟರು.

"ಇದರಾಗ ಅಂಥಾದ್ದೇನದ? ತಿಳಿಸಿ ಹೇಳು."

ಮುಂಜಾನೆಯಿಂದ ಒಂದೊಂದೇ ಶಬ್ದ ಹೇಳುತ್ತಿದ್ದ ಹುಡುಗ ಮೊದಲ ಸಲ ತಲೆ ಎತ್ತಿದ.

"ನಡುವ ಒಂದು ಗಟ್ಟಿ ಉಕ್ಕಿನ ಪದರ ಅದರಿ. ಆಜೂಬಾಜೂ ಮೆತ್ತನ ಕಬ್ಬಿಣ. ಧಾರ ಬರೋದು ನಡುವಿನ ಉಕ್ಕಿಂದ. ದಿನಾ ಕೊಯ್ದ್ರೂ ಜಲ್ದಿ ಹೋಗೂದಿಲ್ಲ."

"ಆಕಾರ ಹಿಂಗ್ಯಾಕ? ಅಲಗಿಗಿ ಡೊಂಕು ಹೊಟ್ಟಿನs ಇಲ್ಲ ಇದಕ್ಕ."

"ಧಾರ ನೆಟ್ಟಗ ಇರಬೇಕ್ರಿ. ಡೊಂಕು ಅಲಗಿಲೆ ಕಡ್ಡಿ ಕೊಯ್ದ್ರ ಕೊಯ್ದ ಜಾಗಾ ತಗ್ಗಾಗ್ತದ. ಇದರಿಂದ ಕೊಯ್ದ್ರ ಕನ್ನಡಿ ಹಂಗ. ಎರಡೂ ಕಡ್ಡಿ ಕೂಡಿಸಿದ್ರ ನಡುವ ಗಾಳಿ ಸುದ್ಧಾ ಹೋಗೂದಿಲ್ಲ. ಕಸಿ ಹತ್ತೇ ಹತ್ತತದ."

"ತಿರುವಿದ್ರ?"

"ತಿರುವಬಾರದ್ರಿ. ಗಟ್ಟಿ ಉಕ್ಕು ಬಾಗೂದಿಲ್ಲ. ಚೂರು ಏಳತದ."

"ಮತ್ತ ಜೋಪಾನ?"

"ಕೊಯ್ದ ಕೂಡ್ಲೆ ಒರಸಬೇಕು. ಸಂಜಿಕ ಎಣ್ಣಿ ಹಚ್ಚಬೇಕು. ತುಕ್ಕು ಹಿಡಿಯೋ ಉಕ್ಕರಿ ಇದು. ಹುಳಿ ಅಂತೂ..."

ಅವನು ನಿಲ್ಲಿಸಿದ. ಫೋಟೊದಲ್ಲಿ ಅಲಗು ಮಸಿಯಂತಿತ್ತು.

"ಹುಳಿ ಹತ್ತಿದ್ರ ಏನಾಗ್ತದ, ಶುಭಂ?"

"ಕರ್ರಗ ಆಗ್ತದ್ರಿ."

"ಇದನ್ನ ತೊಳದವ ನೀನಾ?"

"ಹೌದ್ರಿ."

"ಹುಣಸಿಹಣ್ಣು ಹಚ್ಚಿ?"

ಶುಭಂ ಚಹಾದ ಲೋಟವನ್ನು ಎರಡೂ ಕೈಯಿಂದ ಹಿಡಿದುಕೊಂಡ. ಕುಡಿಯಲಿಲ್ಲ. ಹತ್ತೂರೆ ಫೋನನ್ನು ಜೇಬಿಗಿಟ್ಟುಕೊಂಡು ಎದ್ದರು.

ಹೊತ್ತು ಮುಳುಗಿತ್ತು. ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲ. ಮರುದಿನ ಬೆಳಕು ಹರಿದ ಮೇಲೆ ಹತ್ತೂರೆ, ನಂದಾ, ಗೊಲ್ಲಾಳಪ್ಪ ನಾಗಣಸೂರಿಗೆ ಹೋದರು. ನಂದಾ ಶಾರದಾಬಾಯಿಯ ಕೈಯ ಚಿಂದಿ ಬಿಚ್ಚಿದಳು. ಈಳಿಗೆ ಬೆರಳ ತುದಿ ಕೊಯ್ಯುತ್ತದೆ. ಇಲ್ಲಿ ಮೂರು ಬೆರಳುಗಳ ಒಳಭಾಗದಲ್ಲಿ, ನಡುಗಂಟಿನ ಮೇಲೆ, ಒಂದೇ ಗೆರೆ ಎಳೆದಂತೆ ಗಾಯವಿತ್ತು.

"ಶುಭಂ ತಾನs ಮಾಡೀನಿ ಅಂತಾನವ್ವಾ," ಎಂದರು ಹತ್ತೂರೆ.

ಶಾರದಾಬಾಯಿ ಅವರ ಬೂಟುಗಳನ್ನು ನೋಡಿದಳು. "ಅವಗ ಚಾಕು ಒಯ್ಯಾಕ ಬಿಡಬಾರದಿತ್ತು ನಾ. ತೊಳದು ಚೀಲದಾಗ ಇಡಾಕ ಹೋಗಿದ್ನಿ, ಎಚ್ಚರಾದ. ಕಸಗೊಂಡು ಹ್ವಾದ."

"ಯಾಕ ಮಾಡಿದ್ರಿ?"

"ಮುಂಜಾನಿ ಮರವಡೆದಿಂದ ಜೀಪು ಬರ್ತದ, ರೂಪಾನ ಕಳಸ್ತೀನಿ ಅಂದ ಅವರಪ್ಪ. ಈ ಸಲ ಕೈ ಸುಟ್ಟಾರ, ಮುಂದಿನ ಸಲ ಹೆಣಾ ಕಳಸ್ತಾರ ಅಂದ್ನಿ. ಮಂದಿ ಏನಂತಾರ ಅಂದ. ಕೆಟ್ಟಾಂವ ಅಲ್ರಿ ಅಂವ. ಮಂದಿಗಿ ಅಂಜತಿದ್ದ. ಅಷ್ಟ ಹೇಳಿ ಮಕ್ಕೊಂಡ. ನಿದ್ದಿ ಸುದ್ಧಾ ಹತ್ತಿತ್ರಿ ಅವಗ."

"ಮನ್ಯಾಗ ಕುಡಗೋಲು ಇತ್ತು, ಈಳಿಗಿ ಇತ್ತು."

"ಶುಭಂ ಹೇಳತಿದ್ದ, ಈ ಚಾಕಲೆ ಕೊಯ್ದ್ರ ಗಿಡಕ್ಕ ಗೊತ್ತs ಆಗೂದಿಲ್ಲ ಅಂತ." ಆಕೆ ಬಿಚ್ಚಿದ ಚಿಂದಿಯನ್ನು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡಳು. "ಅದಕ್ಕ ಅದನ್ನ ತಗೊಂಡ್ನಿ."

ಬಂಧನದ ಕಾಗದಕ್ಕೆ ಆಕೆ ಎಡಗೈ ಹೆಬ್ಬೆಟ್ಟು ಒತ್ತಿದಳು. ಹಿಡಿಕೆಯ ಸಂದಿಯಿಂದ ತೆಗೆದ ರಕ್ತ, ಹುಣಸೆಯ ನಾರು, ಉಕ್ಕಿನ ಚೂರು ಪ್ರಯೋಗಾಲಯಕ್ಕೆ ಹೋದವು. ಸಾಕ್ಷ್ಯ ಬಚ್ಚಿಟ್ಟು ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ಶುಭಂ ಎರಡನೇ ಆರೋಪಿಯಾದ. ತಾಯಿಯನ್ನು ಠಾಣೆಯಿಂದ ಕೋರ್ಟಿಗೆ ಒಯ್ಯಲು ಜೀಪಿಗೆ ಹತ್ತಿಸುವಾಗ ಅವನು ಲಾಕಪ್ಪಿನ ಗೋಡೆಗೆ ಮುಖ ಮಾಡಿ ನಿಂತಿದ್ದ ಎಂದು ಗೊಲ್ಲಾಳಪ್ಪ ಆಮೇಲೆ ಹೇಳಿದ.

ಹದಿನೈದು ದಿನ ಕಳೆದ ಮೇಲೆ ರೂಪಾಲಿಯ ಪೂರಕ ಹೇಳಿಕೆ ಬರೆದುಕೊಳ್ಳಲು ಹತ್ತೂರೆ ಮತ್ತು ನಂದಾ ಬಸಣ್ಣನ ಮನೆಗೆ ಹೋದಾಗ ಬಾಗಿಲಲ್ಲಿ ಜೀಪು ನಿಂತಿತ್ತು. ರೂಪಾಲಿಯ ಗಂಡ ಹಿಂದಿನ ಸೀಟಿಗೆ ಟ್ರಂಕು ಏರಿಸುತ್ತಿದ್ದ. ಪೊಲೀಸರನ್ನು ಕಂಡು ನಮಸ್ಕಾರ ಮಾಡಿದ.

ಹತ್ತೂರೆ ರೂಪಾಲಿಯನ್ನು ಬದಿಗೆ ಕರೆದರು. "ಗಂಡನ ಮ್ಯಾಲೆ ತಕರಾರು ಕೊಡು. ಈಗಿಂದೀಗ ಬರಕೋತೀನಿ."

"ಕೊಟ್ಟು ಎಲ್ಲಿರ್ಲಿ?"

"ಸೋಲಾಪುರದಾಗ ಹೆಣಮಕ್ಕಳ ಆಶ್ರಮ ಅದ," ಎಂದಳು ನಂದಾ. "ನಾನs ಬಿಟ್ಟು ಬರ್ತೀನಿ."

"ಆಮ್ಯಾಗ? ಅವ್ವ ಬರ್ತಾಳೇನಕ್ಕಾ ಅಲ್ಲಿ? ಅಣ್ಣ ಬರ್ತಾನ?" ರೂಪಾಲಿ ಸೆರಗನ್ನು ಎಡಗೈ ಮೇಲೆ ಎಳೆದುಕೊಂಡಳು. "ಊರಾಗ ನೀರಿಗಿ ಹೋದ್ರ ಮಂದಿ ಹಾದಿ ಬಿಟ್ಟು ನಿಂದರತಾರ. ಅಲ್ಲೆ ಬಡೀತಾರ ಖರೆ, ಮಾತರೆ ಆಡ್ತಾರ."

ಆಕೆ ವಯಸ್ಕಳು. ತನ್ನಿಚ್ಛೆಯಿಂದ ಹೋಗುತ್ತೇನೆ ಎಂದಳು. ಅದನ್ನು ಹಾಗೆಯೇ ಬರೆದುಕೊಳ್ಳಬೇಕಾಯಿತು. ಜೀಪು ಹೋದ ಮೇಲೆ ನಂದಾ ಅಂಗಳದ ಬಾಗಿಲು ಎಳೆದು ಚಿಲಕ ಹಾಕಿದಳು.

ಮಾರ್ಚ್ ನಡುವಿನಲ್ಲಿ, ಕೋರ್ಟಿನ ಅನುಮತಿಯ ಮೇಲೆ, ಹತ್ತೂರೆ ಸೋಲಾಪುರದ ಜೇಲಿಗೆ ಹೋಗಿ ಶಾರದಾಬಾಯಿಯನ್ನು ಕಂಡರು. ಆಕೆ ಮೊದಲಿಗಿಂತ ಹಗುರಾಗಿದ್ದಳು. ರಾತ್ರಿ ನಿದ್ದೆ ಬರುತ್ತದೆ, ಎಷ್ಟೋ ವರ್ಷದ ಮೇಲೆ ಬರುತ್ತದೆ ಎಂದಳು.

"ನಂದು ಏನರೆ ಆಗ್ಲಿರಿ ಸಾಹೇಬ್ರ. ರೂಪಾ ಉಳಕೊಂಡ್ಲು."

ಹತ್ತೂರೆ ಆಕೆಯ ಬೆರಳು ನೋಡಿ, ಗಾಯ ಮಾಯಿತೇ ಎಂದು ಕೇಳಿದರು. ಮಾಯಿತು ಎಂದಳು. ಮಗಳು ಮರವಡೆಗೆ ಹೋದದ್ದನ್ನು ಅವರು ಆ ದಿನವೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.